ಕಲ್ಲುಮನೆಯೂ ಕಾಣದ ಕಿರಣವೂ

ನೆಲ ಕೊಟ್ಟ ಕಲ್ಲನ್ನೇ ನಮ್ಮ ಹಿರಿಯರು ಗೋಡೆಯಾಗಿಸಿದರು. ಹೊಸೂರು, ಮಡಕಶಿರಾಗಳ ಕಡೆ ಗ್ರಾನೈಟ್ ಜಾತಿಯ ಗಟ್ಟಿಗಲ್ಲು. ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆ ಕರಿಕಲ್ಲು. ಈಗ ಆ ಕಲ್ಲಿನಲ್ಲಿಯೇ ವಿಕಿರಣವಿದೆಯಂತೆ, ಮಕ್ಕಳಾಡುವ ಮನೆಗೆ ಗ್ರಾನೈಟ್ ಹಾಸಬಹುದೇ, ಅಜ್ಜ ಕಟ್ಟಿಸಿದ ಮನೆಯಲ್ಲಿ ವಾಸಿಸಬಹುದೇ ಎಂಬ ಅಂಜಿಕೆ ಹಲವರನ್ನು ಕಾಡುತ್ತಿದೆ. ಅದನ್ನು ಸಮಾಧಾನದಿಂದ ಪರಿಶೀಲಿಸೋಣ.

ಗ್ರಾನೈಟಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 ಎಂಬ ವಿಕಿರಣಶೀಲ ಧಾತುಗಳು ಇರುವುದು ನಿಜ. ಆದರೆ ಸಾಮಾನ್ಯ ಗ್ರಾನೈಟಿನ ಹತ್ತು ಲಕ್ಷ ಭಾಗಗಳಲ್ಲಿ ಯುರೇನಿಯಂ ನಾಲ್ಕೈದು ಭಾಗ ಮಾತ್ರ; ಕರಿಕಲ್ಲಿನಲ್ಲಿ ಇನ್ನೂ ಕಡಿಮೆ. ಮಣ್ಣು, ಆಕಾಶ, ಅನ್ನ, ಉಸಿರು ಇವೆಲ್ಲವುಗಳಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಸಹಜ ವಿಕಿರಣ ತಗಲುತ್ತದೆಂದು ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯ 2008ರ ವರದಿ ಅಂದಾಜು ಮಾಡಿತು. ಅದರಲ್ಲಿ ಸುಮಾರು ಅರ್ಧ ಪಾಲು ರೇಡಾನ್ ಎಂಬ ಅನಿಲದ್ದು. ನಾವು ಲಕ್ಷ್ಯವಿಡಬೇಕಾದುದು ಇದರ ಮೇಲೆ.

ಯುರೇನಿಯಂ ಕ್ಷಯಿಸುತ್ತ ರೇಡಿಯಂ ಆಗುತ್ತದೆ. ರೇಡಿಯಂ ರೇಡಾನ್ ಆಗುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. 3.8 ದಿನಗಳಲ್ಲಿ ಅದರ ಅರ್ಧ ಭಾಗ ಕ್ಷಯಿಸುತ್ತದೆ. ಗೋಡೆಯ ಕಲ್ಲಿನಿಂದಲೂ ಅದು ತುಸು ಹೊರಬರುತ್ತದೆ. ಆದರೆ ಸಾಮಾನ್ಯವಾಗಿ ಹೆಚ್ಚಿನ ಪಾಲು ಮನೆಯಡಿಯ ಮಣ್ಣಿನಿಂದ, ನೆಲದ ಬಿರುಕುಗಳ ಮೂಲಕ ಒಳಸೇರುತ್ತದೆ. ಬಯಲಿನಲ್ಲಿ ಚೆದರಿಹೋಗುವ ಈ ಅನಿಲ ಮುಚ್ಚಿದ ಕೋಣೆಯಲ್ಲಿ ಕೂಡಿಕೊಳ್ಳುತ್ತದೆ. ಅದರಿಂದ ಹುಟ್ಟಿದ ಕಣಗಳು ಉಸಿರಿನೊಡನೆ ಶ್ವಾಸಕೋಶವನ್ನು ಸೇರುತ್ತವೆ. ದೀರ್ಘಕಾಲದಲ್ಲಿ ಅವು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲವು.

ಒಂದು ಘನಮೀಟರ್ ಗಾಳಿಯಲ್ಲಿ ಸೆಕೆಂಡಿಗೆ 100 ರೇಡಾನ್ ಪರಮಾಣುಗಳು ಒಡೆಯುವಷ್ಟು, ಅಂದರೆ 100 ಬೆಕೆರೆಲ್, ಮನೆಯೊಳಗಿನ ಮಿತಿಯಾಗಿರಲೆಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸೂಚಿಸಿತು. ಅದು ಸಾಧ್ಯವಾಗದ ಕಡೆ 300ನ್ನು ಮೀರಬಾರದು. ಧೂಮಪಾನಿಗಳಿಗೆ ರೇಡಾನಿನ ಅಪಾಯ ಇತರರಿಗಿಂತ 25 ಪಟ್ಟು ಹೆಚ್ಚೆಂದೂ ಅದೇ ಸಂಸ್ಥೆಯ ಅಂದಾಜು.

ಆದುದರಿಂದ ಕಲ್ಲನ್ನು ಕಿತ್ತೆಸೆಯುವ ಅವಸರ ಬೇಡ. ಅಡುಗೆಮನೆಯ ಗ್ರಾನೈಟ್ ಕಟ್ಟೆಗೂ ಹೆದರಬೇಕಿಲ್ಲ. ನೆಲದ ಬಿರುಕುಗಳನ್ನು ಗಾರೆಯಿಂದ ಮುಚ್ಚಿಸಿರಿ. ಎದುರುಬದುರಿನ ಕಿಟಕಿಗಳನ್ನು ಬೆಳಿಗ್ಗೆ, ಸಂಜೆ ತೆರೆದಿಡಿರಿ. ತಂಪುಯಂತ್ರಕ್ಕಾಗಿ ಹಗಲಿರುಳು ಮುಚ್ಚಿರುವ ಕೋಣೆ, ಅದರಲ್ಲೂ ನೆಲಕ್ಕೆ ತಾಗಿರುವ ಮಲಗುವ ಕೋಣೆ, ದಿನಕ್ಕೊಮ್ಮೆಯಾದರೂ ಹೊಸ ಗಾಳಿ ಕಾಣಲಿ. ಮನೆಯಲ್ಲಿ ಬೀಡಿ, ಸಿಗರೇಟು ಸೇದುವವರಿದ್ದರೆ ಮೊದಲು ಬಿಡಿಸಬೇಕಾದುದು ಆ ಚಟವನ್ನು, ಅಜ್ಜನ ಮನೆಯನ್ನಲ್ಲ.