ಮೆಡ್ಲಿ ಸಾಕು, ಕೈಗೆ ಕೋಲು ಕೊಡಿ

ದಸರಾ ಹತ್ರ ಬಂತು ಅಂದ್ರೆ ಶಿವಮೊಗ್ಗ, ಭದ್ರಾವತಿ ಎರಡೂ ಕಡೆ ಮಹಿಳಾ ಸಂಘಗಳಲ್ಲಿ ಒಂದೇ ಮಾತು: "ಈ ಸಲ ಯಾವ ಮೆಡ್ಲಿ?" 5 ನಿಮಿಷದಲ್ಲಿ ಡೊಳ್ಳು, ಲಂಬಾಣಿ, ಕೋಲಾಟ, ದಾಂಡಿಯಾ, ಕೊನೆಗೊಂದು ಸಿನಿಮಾ ಹಾಡು. 5 ಬಗೆ ಪಲ್ಯ ಒಂದೇ ಬಾಣಲೆಗೆ ಸುರಿದು ಕಲಸಿದ್ರೆ ಹಬ್ಬದ ಊಟ ಆಗ್ತದಾ?

ಜಡೆ ಕೋಲಾಟ ನೋಡಿದ್ದೀರಲ್ಲ? ಮೇಲಿಂದ ಬಣ್ಣದ ಹಗ್ಗ ಇಳಿಬಿಟ್ಟಿರ್ತಾರೆ. ಒಬ್ಬೊಬ್ರು ಒಂದೊಂದು ಹಿಡ್ಕೊಂಡು ಒಳಗೆ ಹೊರಗೆ ಸುತ್ತಿದಂಗೆ ಜಡೆ ಹೆಣ್ಕೊಳ್ತದೆ. ಆಮೇಲೆ ಅದೇ ಹೆಜ್ಜೆ ಹಿಂದಕ್ಕೆ ಹಾಕಿ ಬಿಚ್ಚಬೇಕು. ಅದರ ಜಾಣತನ ಇರೋದೇ ಬಿಚ್ಚೋದ್ರಲ್ಲಿ. ಒಂದು ನಿಮಿಷಕ್ಕೆ ಹಾಡು ಕತ್ತರಿಸಿದ್ರೆ ಬಿಚ್ಚೋದು ಯಾವಾಗ? ಬೀರಪ್ಪನ ಒಕ್ಕಲಿನವರ ಡೊಳ್ಳೂ ಅಷ್ಟೇ, ನಿಧಾನಕ್ಕೆ ಶುರುವಾಗಿ ಏರಬೇಕು. ಏರೋ ಹೊತ್ತಿಗೆ ಇವರು ದಾಂಡಿಯಾಕ್ಕೆ ಹಾರಿರ್ತಾರೆ.

ಇದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ಮೆಡ್ಲಿಗೆ ತಿಂಗಳುಗಟ್ಟಲೆ ಪ್ರಾಕ್ಟೀಸು, ಬಾಡಿಗೆ ಡ್ರೆಸ್ಸು, ಆಮೇಲೂ 8 ಜನಕ್ಕಷ್ಟೇ ಜಾಗ. ಭದ್ರಾವತಿ ನ್ಯೂಟೌನಲ್ಲಿರೋ ನಮ್ಮ ಅತ್ತಿಗೆಗೆ 62 ವರ್ಷ. ಚಿಕ್ಕಂದಿನಿಂದ ಕೋಲು ಹಿಡಿದ ಕೈ. ಹೋದ ವರ್ಷ ಅವರ ಸಂಘದಲ್ಲಿ, "ಅಕ್ಕಾ, ನಿಮಗೆ ಸ್ಟೆಪ್ಪು ನೆನಪಿರಲ್ಲ, ಮುಂದೆ ಕೂತು ಚಪ್ಪಾಳೆ ಹೊಡೀರಿ" ಅಂದ್ರು. ಅತ್ತಿಗೆ ಏನೂ ಅನ್ನಲಿಲ್ಲ, ಸಂಘಕ್ಕೆ ಹೋಗೋದನ್ನೇ ಬಿಟ್ರು. ಹೆಂಗಸರು ಮನೆಯಿಂದ ಹೊರಗೆ ಬರಲಿ ಅಂತ ಇರೋ ಸಂಘ, ಬಂದವರನ್ನ ವಾಪಸ್ ಮನೆಗೆ ಕಳಿಸೋದು ಯಾವ ನ್ಯಾಯ?

"ಜನಕ್ಕೆ ವೆರೈಟಿ ಬೇಕು ಕಣ್ರೀ" ಅಂತಾರೆ. ನಾನೇನು ಬೇಡ ಅಂದ್ನಾ? ಕೋಲಾಟದಲ್ಲೇ ಎಷ್ಟೊಂದು ಕೋಪುಗಳಿಲ್ಲ! ಮುಂದಾಳು ಪದ ಹೇಳ್ತಾ ಕೋಪು ಬದಲಾಯಿಸಿದ್ರೆ, ಗೊತ್ತಿಲ್ಲದೋರು ಎದುರಿನ ಜೋಡಿ ನೋಡ್ಕೊಂಡು ಹೆಜ್ಜೆ ಸೇರಿಸ್ತಾರೆ. ತಾಳ ನಿಲ್ಲಲ್ಲ. ಅಮೆರಿಕದ ಕಾಂಟ್ರಾ ಅನ್ನೋ ಸಾಲುಕುಣಿತದಲ್ಲೂ ಮೆಡ್ಲಿ ಇದೆಯಂತೆ. ಸಂಗೀತ ನಡೀತಿರುವಾಗ್ಲೇ ಒಬ್ರು ಕೂಗಿ ಹೇಳಿ ಒಂದು ಕುಣಿತದಿಂದ ಇನ್ನೊಂದಕ್ಕೆ ದಾಟಿಸ್ತಾರೆ. ಆದ್ರೆ ಅಲ್ಲಿ ಕುಣಿಯೋರು ಬಂದ ಜನವೇ, ವೇದಿಕೆ ಮೇಲಿನ 8 ಜನ ಅಲ್ಲ. ಮೆಡ್ಲಿ ಮಾಡೋದಾದ್ರೆ ಹಂಗೆ ಮಾಡಿ.

ಸ್ಪರ್ಧೆ ಬೇಕಿದ್ರೆ ಇಟ್ಕೊಳ್ಳಿ. ಮುಗಿದ ಮೇಲೆ ಕುರ್ಚಿ ಸರಿಸಿ, ಅರ್ಧ ಗಂಟೆ ಎಲ್ಲರ ಕೈಗೂ ಕೋಲು ಕೊಡಿ. ಸೊಸೆಯಂದಿರೂ ಬರಲಿ, ಅತ್ತೆಯರೂ ಬರಲಿ. ಎರಡು ಕೋಲಿಗೆ ಬಾಡಿಗೆ ಡ್ರೆಸ್ಸು ಬೇಡ, ಬಹುಮಾನವೂ ಬೇಡ.