ಬೀರುವಿನಲ್ಲಿ ಸಿಕ್ಕ ಕಂದು ಲಕೋಟೆ ಮತ್ತು 13 ತಿಂಗಳ ಲೆಕ್ಕ

ಈ ಸಲ ಐಸಾ, ಪೆನ್ಷನ್, ಇಂಡೆಕ್ಸ್ ಫಂಡ್ ಯಾವುದೂ ಇಲ್ಲ. ನಮ್ಮ ಮನೆಯದೇ ವಿಷಯ. ಹೆಂಡತಿಯನ್ನು ಕೇಳಿಯೇ ಬರೆಯುತ್ತಿದ್ದೇನೆ.

2025ರ ಜನವರಿ ಕೊನೆಯ ವಾರ. ಸೆಲ್ಫ್ ಅಸೆಸ್‌ಮೆಂಟ್ ತುಂಬಲು ಬ್ಯಾಂಕ್ ಬಡ್ಡಿಯ ಕಾಗದ ಹುಡುಕುತ್ತಾ ಬೀರು ತೆಗೆದೆ. ಫೈಲುಗಳ ಅಡಿಯಲ್ಲಿ ಒಂದು ಕಂದು ಲಕೋಟೆ. ತೆರೆದು ಮಡಿಸಿಟ್ಟಿತ್ತು. 2024ರ ಆಗಸ್ಟ್ ತಾರೀಖು. ಪಿಐಪಿ, ಅಂದರೆ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಅರ್ಜಿಯ ಉತ್ತರ ಅದು. ಡೈಲಿ ಲಿವಿಂಗ್ ಭಾಗಕ್ಕೆ 6 ಅಂಕ, ಮೊಬಿಲಿಟಿಗೆ 4. ಯಾವುದೇ ಭಾಗ ಸಿಗಬೇಕಾದರೂ ಕನಿಷ್ಠ 8 ಬೇಕು. ಸೊನ್ನೆ ಪೌಂಡ್.

"ಯಾಕೆ ಹೇಳ್ಲಿಲ್ಲ?" ಅಂತ ಕೇಳಿದೆ.

"ಹೇಳಿ ಏನ್ ಮಾಡೋದಿತ್ತು ರೀ. ಕೊಡಲ್ಲ ಅಂದಿದಾರೆ. ನಾಚಿಕೆ ಆಯ್ತು."

ಅವಳಿಗೆ ರುಮಟಾಯ್ಡ್ ಆರ್ಥ್ರೈಟಿಸ್. ಬೆಳಿಗ್ಗೆ ಎರಡು ಗಂಟೆ ಬೆರಳು ಮಡಚಲು ಬರುವುದಿಲ್ಲ. ಆ ಆಗಸ್ಟಿನಲ್ಲಿ ಔಷಧಿ ಬದಲಾಗಿ ಕಾಯಿಲೆ ಕೆರಳಿತ್ತು. ಸೆಪ್ಟೆಂಬರಿನಲ್ಲಿ ಅವಳ ಅಮ್ಮ ತೀರಿಕೊಂಡರು, ಹಾಸನಕ್ಕೆ ಹೋಗಿ ಐದು ವಾರ ಇದ್ದು ಬಂದೆವು. ಕ್ವಾರ್ಟರ್ ಕ್ಲೋಸಿಂಗ್ ಒಂದು ದಿನ ತಪ್ಪದಂತೆ ನೋಡಿಕೊಳ್ಳುವ ನಾನು, ಏಪ್ರಿಲ್‌ನಲ್ಲಿ ಹಾಕಿದ ಅರ್ಜಿ ಏನಾಯಿತು ಅಂತ ಒಂದು ಸಲವೂ ಕೇಳಿರಲಿಲ್ಲ.

ಪತ್ರದ ಮೇಲಿನ ತಾರೀಖಿನಿಂದ ಒಂದು ತಿಂಗಳೊಳಗೆ ಮರುಪರಿಶೀಲನೆ ಕೇಳಬೇಕು. ಇಲ್ಲಿ ಅದಕ್ಕೆ ಮ್ಯಾಂಡೇಟರಿ ರೀಕನ್ಸಿಡರೇಶನ್ ಅನ್ನುತ್ತಾರೆ. ನಮಗೆ ಆರು ತಿಂಗಳಾಗುತ್ತಾ ಬಂದಿತ್ತು. ಕೇಳಿದ ಸ್ನೇಹಿತರೆಲ್ಲರದೂ ಒಂದೇ ಸಲಹೆ: "ಹೋಗ್ಲಿ ಬಿಡಿ ಸಾರ್, ಹೊಸದಾಗಿ ಅಪ್ಲೈ ಮಾಡಿ." ನನ್ನ ತಕರಾರು ಇರುವುದೇ ಈ ಸಲಹೆಯ ಬಗ್ಗೆ.

ಲೆಕ್ಕ ನೋಡಿ. ಹೊಸ ಅರ್ಜಿ ಹಾಕಿದರೆ ಹಣ ಸಿಗುವುದು ಹೊಸ ತಾರೀಖಿನಿಂದ. ಹಳೆಯ ತೀರ್ಮಾನವನ್ನೇ ಪ್ರಶ್ನಿಸಿ ಗೆದ್ದರೆ ಮೊದಲ ಅರ್ಜಿಯ ದಿನದಿಂದ. ನಾವು ಅರ್ಜಿ ಹಾಕಿದ್ದು 2024ರ ಏಪ್ರಿಲ್ ಮಧ್ಯದಲ್ಲಿ. 2025ರ ಫೆಬ್ರವರಿ ಮಧ್ಯಕ್ಕೆ 44 ವಾರ. ಆ ವರ್ಷ ಡೈಲಿ ಲಿವಿಂಗ್ ಸ್ಟ್ಯಾಂಡರ್ಡ್ ದರ ವಾರಕ್ಕೆ 72.65 ಪೌಂಡ್. ಗುಣಿಸಿದರೆ 3,196.60 ಪೌಂಡ್. ಇದಕ್ಕೆ ತೆರಿಗೆಯಿಲ್ಲ. "ಹೊಸದಾಗಿ ಅಪ್ಲೈ ಮಾಡಿ" ಅನ್ನುವ ಮೂರು ಪದಗಳ ಬೆಲೆ ಅಷ್ಟು.

ಹಳೆಯದನ್ನು ಪ್ರಶ್ನಿಸುವ ದಾರಿ ಮುಚ್ಚಿರಲಿಲ್ಲ. ಒಂದು ತಿಂಗಳು ಮುಗಿದ ಮೇಲೂ ಇನ್ನು 12 ತಿಂಗಳು, ಅಂದರೆ ಪತ್ರದ ತಾರೀಖಿನಿಂದ ಒಟ್ಟು 13 ತಿಂಗಳವರೆಗೆ, ತಡವಾದ ಮನವಿಯನ್ನು ಕೊಡಬಹುದು. ಯಾಕೆ ತಡವಾಯಿತು ಅನ್ನುವುದಕ್ಕೆ ವಿಶೇಷ ಕಾರಣ ಬೇಕು. ತಡ ಹೆಚ್ಚಾದಷ್ಟೂ ಕಾರಣವೂ ಗಟ್ಟಿಯಾಗಿರಬೇಕು. ನಾವು ಜಿಪಿ ಪತ್ರ, ಆಸ್ಪತ್ರೆಯ ಔಷಧಿ ಬದಲಾವಣೆಯ ಪತ್ರ, ವಿಮಾನದ ಟಿಕೆಟ್ ಎಲ್ಲ ಲಗತ್ತಿಸಿ ಫೆಬ್ರವರಿಯಲ್ಲಿ ಕಳಿಸಿದೆವು. ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಯಾಕೆ ಸುಮ್ಮನಿದ್ದಿರಿ ಅನ್ನುವುದಕ್ಕೆ ನಮ್ಮ ಬಳಿ ಒಳ್ಳೆಯ ಉತ್ತರ ಇರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಅಮ್ಮನ ಸಾವಿನ ನಂತರ ಅವಳು ಯಾವ ಕಾಗದವನ್ನೂ ಮುಟ್ಟುತ್ತಿರಲಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದೆವು.

ಮಾರ್ಚ್ ಕೊನೆಗೆ ಉತ್ತರ ಬಂತು: ತಡಕ್ಕೆ ಕೊಟ್ಟ ಕಾರಣ ಸಾಲದು, ಮನವಿ ಸ್ವೀಕರಿಸುವುದಿಲ್ಲ.

ಹೆಚ್ಚಿನವರು ನಿಲ್ಲುವುದು ಇಲ್ಲೇ. ನಾನೂ ನಿಲ್ಲುತ್ತಿದ್ದೆ. ಊರಿನ ಸಿಟಿಜನ್ಸ್ ಅಡ್ವೈಸ್ ಕಚೇರಿಯಲ್ಲಿ ಕೂತಿದ್ದ ವಯಸ್ಸಾದ ಸ್ವಯಂಸೇವಕಿಯೊಬ್ಬರು ಪತ್ರ ನೋಡಿ ನಕ್ಕುಬಿಟ್ಟರು. 2017ರಲ್ಲಿ ಅಪ್ಪರ್ ಟ್ರಿಬ್ಯುನಲ್ ಒಂದು ತೀರ್ಪು ಕೊಟ್ಟಿದೆ. 13 ತಿಂಗಳೊಳಗೆ ಕೊಟ್ಟ ಮನವಿಯನ್ನು ತಡವಾಯಿತೆಂದು ಇಲಾಖೆ ತಿರಸ್ಕರಿಸಿದರೂ ಟ್ರಿಬ್ಯುನಲ್‌ಗೆ ಅಪೀಲು ಹೋಗುವ ಹಕ್ಕು ಉಳಿಯುತ್ತದೆ. ಇಲ್ಲದಿದ್ದರೆ ತೀರ್ಮಾನ ಕೊಟ್ಟವರೇ ಅದನ್ನು ಯಾರೂ ಪ್ರಶ್ನಿಸದಂತೆ ಬೀಗ ಹಾಕಿಕೊಂಡ ಹಾಗಾಗುತ್ತಿತ್ತು. ತಿರಸ್ಕಾರದ ಪತ್ರ ಬಂದ ಮೇಲೆ ಅಪೀಲಿಗೆ ಮತ್ತೆ ಒಂದು ತಿಂಗಳು. ಈ ಸಲ ನಾಲ್ಕನೇ ದಿನವೇ ಕಳಿಸಿದೆ. ಶುಲ್ಕವಿಲ್ಲ, ವಕೀಲರೂ ಬೇಕಾಗಲಿಲ್ಲ.

ನನ್ನಂಥವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳುವುದಾದರೆ ಇದು ಪ್ರೀಮಿಯಂ ಇಲ್ಲದ ಆಪ್ಷನ್. ಸೋತರೆ ಇದ್ದ ಸೊನ್ನೆಯೇ ಸೊನ್ನೆ. ಆದರೆ ಎಚ್ಚರ: ಈಗಾಗಲೇ ಸ್ವಲ್ಪ ಸಿಗುತ್ತಿದ್ದು ಹೆಚ್ಚು ಕೇಳಲು ಹೋಗುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಟ್ರಿಬ್ಯುನಲ್ ಇರುವುದನ್ನೂ ಕಡಿಮೆ ಮಾಡಬಹುದು.

ವಿಚಾರಣೆ ನಡೆದದ್ದು ನವೆಂಬರಿನಲ್ಲಿ. ಒಬ್ಬ ನ್ಯಾಯಾಧೀಶರು, ಒಬ್ಬ ವೈದ್ಯರು, ಅಂಗವೈಕಲ್ಯದ ಅನುಭವವಿರುವ ಒಬ್ಬ ಸದಸ್ಯರು. ಆಗ ಗೊತ್ತಾಯಿತು ಮೊದಲ ಸಲ ಅಂಕ ಎಲ್ಲಿ ಹೋಗಿತ್ತೆಂದು. ಫೋನಿನಲ್ಲಿ ಅಸೆಸರ್ "ಅಡುಗೆ ಮಾಡಲು ಆಗುತ್ತದೆಯೇ?" ಅಂದಾಗ ಇವಳು "ಹೂಂ, ಮಾಡ್ತೀನಿ, ಹೇಗೋ ಆಗತ್ತೆ" ಅಂದಿದ್ದಳು. ನಮ್ಮ ಹೆಣ್ಣುಮಕ್ಕಳು ಇನ್ನೇನು ಹೇಳುತ್ತಾರೆ? ಪರರ ಮುಂದೆ "ನನ್ನ ಕೈಲಿ ಆಗಲ್ಲ" ಅನ್ನುವುದನ್ನು ಯಾವ ತಾಯಿಯೂ ಕಲಿಸಿಲ್ಲ. ಆದರೆ ನಿಯಮ ಕೇಳುವುದು ಬೇರೆಯದನ್ನು. ಆ ಕೆಲಸವನ್ನು ಸುರಕ್ಷಿತವಾಗಿ, ಸರಿಯಾದ ಮಟ್ಟದಲ್ಲಿ, ಬೇಕಾದಷ್ಟು ಸಲ, ಹೆಚ್ಚು ಹೊತ್ತು ಹಿಡಿಯದೆ ಮಾಡಬಲ್ಲಿರಾ? ಅರ್ಧಕ್ಕಿಂತ ಹೆಚ್ಚು ದಿನ ಪರಿಸ್ಥಿತಿ ಹೇಗಿರುತ್ತದೆ? ವೈದ್ಯರು ನಿಧಾನವಾಗಿ ಕೇಳಿದರು: ಆಲೂಗಡ್ಡೆ ಸಿಪ್ಪೆ ಯಾರು ತೆಗೆಯುತ್ತಾರೆ, ಬಿಸಿ ಪಾತ್ರೆ ಯಾರು ಇಳಿಸುತ್ತಾರೆ? ಇವಳು ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ಕೈ ತೋರಿಸಿದಳು. ಆ ಒಂದು ಸಾಲಿನಲ್ಲಿ 2 ಇದ್ದದ್ದು 4 ಆಯಿತು. ಒಟ್ಟು 8. ಡೈಲಿ ಲಿವಿಂಗ್ 2024ರ ಏಪ್ರಿಲ್‌ನಿಂದಲೇ ಸಿಕ್ಕಿತು. ಮೊಬಿಲಿಟಿ 4ರಲ್ಲೇ ಉಳಿಯಿತು. ಅದು ನ್ಯಾಯವಾದದ್ದೇ ಅಂತ ನನಗೂ ಅನ್ನಿಸಿತು.

ನನಗೆ ಸಿಟ್ಟಿರುವುದು ಗಡುವಿನ ಮೇಲೆಯೇ. ತೆರಿಗೆ ವರ್ಷ ಏಪ್ರಿಲ್ 5ಕ್ಕೆ ಮುಗಿದರೆ, ಆರೋಗ್ಯವಾಗಿರುವ ನನಗೆ ಆನ್‌ಲೈನ್ ರಿಟರ್ನ್ ಸಲ್ಲಿಸಲು ಜನವರಿ 31ರವರೆಗೆ, ಹೆಚ್ಚುಕಡಿಮೆ ಹತ್ತು ತಿಂಗಳು ಸಮಯ. ತಪ್ಪಾಗಿ ಬರೆದಿದ್ದರೆ ತಿದ್ದಲು ಮತ್ತೆ 12 ತಿಂಗಳು. ಹೆಚ್ಚು ಕಟ್ಟಿದ್ದನ್ನು ವಾಪಸು ಕೇಳಲು ನಾಲ್ಕು ವರ್ಷ. ಕಾಯಿಲೆ ಇದೆ ಅಂತಲೇ ಅರ್ಜಿ ಹಾಕಿದವರಿಗೆ ಒಂದೇ ತಿಂಗಳು! ನಂತರದ 12 ತಿಂಗಳನ್ನು ಕೈಮುಗಿದು ಕೇಳಬೇಕು. ಮೊದಲ ಗಡುವನ್ನೇ ಮೂರು ತಿಂಗಳು ಮಾಡಿದರೆ ಯಾರಿಗೆ ಏನು ನಷ್ಟ?

ಇನ್ನು ನಮ್ಮವರ ಮಾತು. "ಬೆನಿಫಿಟ್" ಅಂದ ಕೂಡಲೇ ಮುಖ ತಿರುಗಿಸುತ್ತೇವೆ. ನಾಲ್ಕು ಬೆಡ್‌ರೂಮಿನ ಮನೆ ಇಟ್ಟುಕೊಂಡು ಇದನ್ನು ಕೇಳುವುದೇ ಅಂತ ಕನ್ನಡ ಬಳಗದ ಹಿರಿಯರೊಬ್ಬರು ನನಗೇ ಅಂದರು. ಪಿಐಪಿ ಆದಾಯ, ಉಳಿತಾಯ ನೋಡಿ ಕೊಡುವುದಲ್ಲ, ಕೆಲಸದಲ್ಲಿದ್ದರೂ ಸಿಗುತ್ತದೆ. ಕಾಯಿಲೆಯಿಂದ ಬರುವ ಹೆಚ್ಚುವರಿ ಖರ್ಚಿಗೆ ಅಂತ ಇರುವುದು. ನಾವು ಇಪ್ಪತ್ತು ವರ್ಷ ಕಟ್ಟಿದ ತೆರಿಗೆಯಲ್ಲಿ ಇನ್ಯಾರೋ ಪಡೆದರೆ ತಪ್ಪಿಲ್ಲ, ನಾವು ಪಡೆದರೆ ಮಾತ್ರ ಮರ್ಯಾದೆ ಪ್ರಶ್ನೆಯೇ?

ಒಂದು ಮುಖ್ಯ ಮಾತು, ವೀಸಾದಲ್ಲಿರುವವರಿಗೆ. ಪಿಐಪಿ ವಲಸೆ ನಿಯಮದ ಲೆಕ್ಕದಲ್ಲಿ ಪಬ್ಲಿಕ್ ಫಂಡ್ಸ್. ನಿಮ್ಮ ವೀಸಾದಲ್ಲಿ "ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್" ಅಂತಿದ್ದರೆ ಸಲಹೆ ಪಡೆಯದೆ ಅರ್ಜಿ ಹಾಕಬೇಡಿ. ಸ್ಕಾಟ್ಲೆಂಡಿನಲ್ಲಿರುವವರಿಗೆ ಇದರ ಬದಲು ಅಡಲ್ಟ್ ಡಿಸೆಬಿಲಿಟಿ ಪೇಮೆಂಟ್ ಇದೆ, ಅಲ್ಲಿ ಮೊದಲ ಗಡುವು 42 ದಿನ. ಅಮೆರಿಕದ ಓದುಗರಿಗೆ ಸೋಷಿಯಲ್ ಸೆಕ್ಯುರಿಟಿಯಲ್ಲಿ ಪತ್ರ ತಲುಪಿ 60 ದಿನ, ಅಲ್ಲೂ ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುತ್ತಾರೆ. ಇಲ್ಲಿ 13 ತಿಂಗಳೂ ದಾಟಿದ್ದರೆ ಉಳಿಯುವ ದಾರಿಗಳು ಬಹಳ ಕಿರಿದು. ತಪ್ಪು ಪೂರ್ತಿ ಇಲಾಖೆಯದೇ ಎಂದು ತೋರಿಸಲು ಸಾಧ್ಯವಾದರೆ ಅದಕ್ಕೆ ಕಾಲಮಿತಿ ಇಲ್ಲ.

ಕಳೆದ ವಾರ ರೆಡಿಂಗ್‌ನಿಂದ ಪರಿಚಯದವರೊಬ್ಬರು ಫೋನ್ ಮಾಡಿದ್ದರು. ಮಗನ ಅರ್ಜಿ ತಿರಸ್ಕಾರವಾಗಿ "ತುಂಬಾ ದಿನ ಆಯ್ತು, ಹೊಸದು ಹಾಕೋಣ ಅಂತಿದೀವಿ" ಅಂದರು. ಪತ್ರ ತಂದು ಮೇಲಿನ ತಾರೀಖು ಓದಿ ಅಂದೆ. ಹತ್ತು ತಿಂಗಳು, ಒಂಬತ್ತು ದಿನ. ಶುಕ್ರವಾರ ರೆಕಾರ್ಡೆಡ್ ಪೋಸ್ಟಿನಲ್ಲಿ ಹೋಯಿತು.