ಬೂಟಿನ ಬೆಲೆ, ಹೆಜ್ಜೆಯ ಕಥೆ

ಪಾದರಕ್ಷೆ ತಯಾರಿಸುವ ಬಾಟಾ ಕುಟುಂಬಕ್ಕೆ 1946ರಲ್ಲಿ ಸೊಸೆಯಾಗಿ ಬಂದ ಸೋನ್ಯಾ ಬಾಟಾ ಪತಿಯೊಡನೆ ದೇಶದೇಶ ಸುತ್ತಿದರು. ಹೋದಲ್ಲೆಲ್ಲ ಅಲ್ಲಿನ ಜನ ಮೆಟ್ಟುವ ಪಾದರಕ್ಷೆಗಳನ್ನು ಕೂಡಿಟ್ಟರು. ಮೆಟ್ಟಿದವರ ನೆಲ, ಹವೆ, ದುಡಿಮೆಯ ಕಥೆಯನ್ನು ಅವು ಹೇಳುತ್ತಿದ್ದವು. ಆ ಸಂಗ್ರಹಕ್ಕೆಂದೇ 1995ರಲ್ಲಿ ಕೆನಡಾದ ಟೊರಾಂಟೊದಲ್ಲಿ ವಸ್ತುಸಂಗ್ರಹಾಲಯದ ಕಟ್ಟಡ ತೆರೆಯಿತು. 2013ರಲ್ಲಿ ಅಲ್ಲಿ ಸ್ನೀಕರ್‌ಗಳದೇ ಪ್ರದರ್ಶನ ನಡೆಯಿತು.

ಇಂದು ಹೊಸ ಸ್ನೀಕರ್‌ಗಾಗಿ ಸರದಿ ನಿಲ್ಲುವವರಲ್ಲಿ ಕೆಲವರು ಮರುದಿನವೇ ಅದನ್ನು ಹೆಚ್ಚಿನ ಬೆಲೆಗೆ ಮಾರುತ್ತಾರೆ. ನಿಜವಾದ ಸಂಗ್ರಾಹಕನಿಗೆ ಮೊದಲ ಪಂದ್ಯದಲ್ಲಿ ಸವೆದ ಜೋಡಿಯೇ ಹೆಚ್ಚು. ಪಾಲಿಯುರೆಥೇನ್ ಅಟ್ಟೆ ಪೆಟ್ಟಿಗೆಯಲ್ಲಿಟ್ಟರೂ ಗಾಳಿಯ ತೇವಕ್ಕೆ ಕಾಲಕ್ರಮದಲ್ಲಿ ಪುಡಿಯಾಗುತ್ತದೆ. ಉಳಿಯುವುದು ನೆನಪು ಮಾತ್ರ.

ಮಕ್ಕಳು ದುಬಾರಿ ಜೋಡಿ ಬೇಡಿದಾಗ ತಂದೆ ತಾಯಿ ಗದರುವ ಮೊದಲು 'ಇದೇ ಏಕೆ?' ಎಂದು ಕೇಳಲಿ. 'ಎಲ್ಲರ ಬಳಿಯೂ ಇದೆ' ಎಂದರೆ ಅದು ಗೀಳು. ಒಂದು ಕಥೆ ಹೇಳಿದರೆ ಹವ್ಯಾಸ.